ಹೊಲದ ಜೇಕು, ಅಂಗಳದ ಕುಂಡ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಆಡಿದ ಮಾತು)



ಸಾಧನೆಯ ಬಗ್ಗೆ ಮಾತಾಡಿ ಎಂದಿದ್ದಾರೆ. ನಾನು ರೈತ. ಸೋತ ವಿಷಯವನ್ನೇ ಹೇಳುತ್ತೇನೆ: ಜೇಕು. ಕೊನ್ನಾರಿ ಎನ್ನುವವರೂ ಇದ್ದಾರೆ. ವೈದ್ಯರಿಗೆ ಇದು ಭದ್ರಮುಷ್ಟಿ. ಮುಸ್ತಕಾರಿಷ್ಟಕ್ಕೆ ಬೀಳುವುದು ಇದೇ ಗಡ್ಡೆ. ಪುಸ್ತಕದಲ್ಲಿ ಸೈಪೆರಸ್ ರೊಟಂಡಸ್.

ಒಂಬತ್ತನೇ ತರಗತಿಯಲ್ಲಿ ವಿಜ್ಞಾನದ ಮೇಷ್ಟ್ರು ನಮ್ಮನ್ನು ಬಾವಿಯ ಹತ್ತಿರ ಕರೆದುಕೊಂಡು ಹೋಗಿ, ಹೂದಂಟು ಕಿತ್ತು ಬೆರಳ ನಡುವೆ ಹೊರಳಿಸಿ ಎಂದರು. ಹುಲ್ಲಾದರೆ ಸಲೀಸಾಗಿ ಉರುಳುತ್ತದೆ. ಇದು ಮೂರು ಅಂಚಿಗೆ ತಡೆಯುತ್ತದೆ. ದಂಟಿನಲ್ಲಿ ಗೆಣ್ಣಿಲ್ಲ, ಒಳಗೆ ಟೊಳ್ಳಿಲ್ಲ, ಎಲೆ ಮೂರು ಸಾಲು. ತೆನೆ ಕೆಂಗಂದು. ಗಡ್ಡೆ ಮುರಿದರೆ ಘಮ. ಪರೀಕ್ಷೆಯಲ್ಲಿ ಬರೆದೆ, ಅಂಕವೂ ಬಂತು. ಹೊಲಕ್ಕೆ ಬಂದಾಗ ಮರೆತೆ.

ಅಪ್ಪನ ಕಾಲದಲ್ಲಿ ಜೇಕು ಬದುವಿನ ಮೂಲೆಯಲ್ಲಿ ಒಂದು ಕಣದಷ್ಟು ಜಾಗದಲ್ಲಿತ್ತು. ಬೇಸಿಗೆಯಲ್ಲಿ ಅವರು ಗುದ್ದಲಿ ಹಿಡಿದು ಅಗೆದು, ಗಡ್ಡೆ ಆರಿಸಿ ಬಂಡೆಯ ಮೇಲೆ ಒಣಗಿಸುತ್ತಿದ್ದರು. "ಹಸಿ ನೆಲದಾಗೆ ಅದನ್ನ ಕೆಣಕಬೇಡ ಕಣೋ" ಅಂದರೂ ಕೇಳದೆ, ಮಳೆ ಬಿದ್ದ ಮೇಲೆ ರೋಟವೇಟರ್ ಹೊಡೆಸಿದೆ. ಮಣ್ಣೊಳಗೆ ಈ ಗಡ್ಡೆಗಳು ದಾರದಂಥ ಕಾಂಡದಿಂದ ಸರದಂತೆ ಕೂಡಿಕೊಂಡಿರುತ್ತವೆ. ಸರ ಕೂಡಿರುವವರೆಗೆ ತುದಿಯದು ಚಿಗುರಿ ಉಳಿದವು ಹೆಚ್ಚಾಗಿ ಮಲಗಿರುತ್ತವೆ. ಸರ ಹರಿದು ಹೊಲದ ತುಂಬ ಚೆಲ್ಲಿದಾಗ ಒಂದೊಂದೂ ಎದ್ದು ಕೂತಿತು. ಆ ವರ್ಷ ಹಾಕಿದ್ದು ಈರುಳ್ಳಿ. ಅದರ ಎಲೆಗೆ ನೆರಳು ಕೊಡುವ ಶಕ್ತಿಯಿಲ್ಲ; ಜೇಕಿಗೆ ಬೇಕಾದ್ದೇ ಬಿಸಿಲು. ಬೆಳೆಯ ದುಡ್ಡನ್ನೆಲ್ಲ ಕಳೆಯ ಕೂಲಿ ತಿಂದಿತು. ಅಪ್ಪ ಬೈಯಲಿಲ್ಲ. ಬದುವಿನ ಮೇಲೆ ಕೂತು ನೋಡಿದರು, ಅಷ್ಟೆ.

ಆಮೇಲೆ ಒಂದೇ ಗಡ್ಡೆಯನ್ನು ಅಂಗಳದ ಕುಂಡದಲ್ಲಿ ನೆಟ್ಟೆ. "ಹೊಲದಾಗಿರೋದು ಸಾಲದೇನ್ರೀ?" ಎಂದು ಹೆಂಡತಿ ನಕ್ಕಳು. ಎರಡು ತಿಂಗಳಿಗೆ ಕುಂಡ ಬೋರಲು ಹಾಕಿದರೆ ಮಣ್ಣಿಗಿಂತ ಗಡ್ಡೆ, ಬೇರುಗಳೇ ಹೆಚ್ಚು. ಬಿಡಿಯಾಗಿ ಬಿಸಿಲಿಗೆ ಹರಡಿದವು ಒಣಗಿ ಸತ್ತವು; ಹೆಂಟೆಯೊಳಗೆ ಉಳಿದವು ನೀರು ತಾಗಿದೊಡನೆ ಚಿಗುರಿದವು. ಅಪ್ಪನ ಬಂಡೆಯ ಲೆಕ್ಕ ಆಗ ಅರ್ಥವಾಯಿತು.

ಈಗ ನೆಲ ಒಣಗಿದ ಮೇಲೇ ಉಳುತ್ತೇನೆ, ಆರಿಸುತ್ತೇನೆ. ಮಳೆಗೆ ಅಲಸಂದೆಯನ್ನು ಒತ್ತಾಗಿ ಬಿತ್ತಿ ನೆಲ ಮುಚ್ಚುತ್ತೇನೆ. ನಾಲ್ಕು ವರ್ಷದಲ್ಲಿ ಮುಕ್ಕಾಲು ಎಕರೆ ವಾಪಸು ಬಂದಿದೆ. ಬೋರಿನ ಹತ್ತಿರದ ತೇವದ ತುಂಡು ಇನ್ನೂ ಅದರದ್ದೇ.

ಮಕ್ಕಳೇ, ಬೆಳಿಗ್ಗೆ ಬರುವಾಗ ನೋಡಿದೆ, ನಮ್ಮ ಶಾಲೆಯ ನಲ್ಲಿಯ ಬುಡದಲ್ಲೂ ಇದೆ. ಊಟವಾದ ಮೇಲೆ ಬನ್ನಿ, ದಂಟು ಹೊರಳಿಸಿ ನೋಡೋಣ. ಕಿತ್ತ ಗಡ್ಡೆಯನ್ನು ಮಾತ್ರ ಕಾಂಪೌಂಡಿನ ಆಚೆ ಎಸೆಯಬೇಡಿ. ಅಲ್ಲಿ ಈರುಳ್ಳಿ ನಾಟಿ ಮಾಡಿದ್ದಾರೆ.