ಭೂ ವ್ಯವಹಾರಕ್ಕಿಳಿಯುವ ಯುವಕರೇ, ಮೊದಲು ಹಕ್ಕುದಾರರನ್ನು ಹುಡುಕಿರಿ
(ಯುವ ವ್ಯಾಪಾರಿಗಳ ತರಬೇತಿ ಶಿಬಿರವೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಇಂದು ನಮ್ಮ ಪಟ್ಟಣಗಳ ಯಾವುದೇ ರಸ್ತೆಯಲ್ಲಿ ಸ್ವಲ್ಪ ದೂರ ನಡೆದರೂ 'ನಿವೇಶನ ಮಾರಾಟಕ್ಕಿದೆ' ಎಂಬ ಫಲಕವೊಂದು ಕಣ್ಣಿಗೆ ಬೀಳುತ್ತದೆ. ಗಲ್ಫ್‌ನಿಂದ ಉಳಿತಾಯದೊಂದಿಗೆ ಮರಳಿದವರು, ಅಂಗಡಿಯಲ್ಲಿ ನಷ್ಟ ಕಂಡವರು, ಪದವಿ ಮುಗಿಸಿಯೂ ಉದ್ಯೋಗ ಸಿಗದವರು, ಎಲ್ಲರ ಬಾಯಲ್ಲೂ ಒಂದೇ ಮಾತು: ರಿಯಲ್ ಎಸ್ಟೇಟ್. ಈ ವ್ಯವಹಾರ ಕೆಟ್ಟದ್ದೆಂದು ಹೇಳಲು ನಾನು ಇಲ್ಲಿ ನಿಂತಿಲ್ಲ. ಮನೆ ಬೇಕಾದವನಿಗೆ ನಿವೇಶನ ಒದಗಿಸುವುದು, ಮಾರಬೇಕಾದವನಿಗೆ ನ್ಯಾಯವಾದ ಬೆಲೆ ದೊರಕಿಸುವುದು ಗೌರವದ ದುಡಿಮೆಯೇ ಸರಿ. ಆದರೆ ಬಟ್ಟೆಯ ವ್ಯಾಪಾರದಲ್ಲಿ ಎಡವಿದರೆ ಒಂದು ಹಬ್ಬದ ಸರಕು ಹೋಗುತ್ತದೆ. ಭೂಮಿಯ ವ್ಯಾಪಾರದಲ್ಲಿ ಎಡವಿದರೆ ಒಂದು ಕುಟುಂಬವು ಇಪ್ಪತ್ತು ವರ್ಷ ಪರದೇಶದಲ್ಲಿ ಬೆವರು ಸುರಿಸಿ ಗಳಿಸಿದ್ದೆಲ್ಲವೂ ಹೋಗುತ್ತದೆ.

ಹೊಸಬರು ಮೊದಲು ಕೇಳುವ ಪ್ರಶ್ನೆ, 'ಬಂಡವಾಳ ಎಷ್ಟು ಬೇಕು?' ಎಂಬುದು. ಅದಕ್ಕಿಂತ ಮುಂಚೆ ಕೇಳಬೇಕಾದ ಪ್ರಶ್ನೆಯೊಂದಿದೆ: 'ಈ ಜಮೀನಿನಲ್ಲಿ ಯಾರ ಯಾರ ಹಕ್ಕಿದೆ?' ಈ ಒಂದು ಪ್ರಶ್ನೆಯನ್ನು ಪ್ರಾಮಾಣಿಕವಾಗಿ ಕೇಳಲು ಕಲಿತವನು ಈ ವ್ಯವಹಾರದಲ್ಲಿ ನಿಲ್ಲುತ್ತಾನೆ. ಕೇಳದವನು ಒಂದೋ ತಾನು ಮೋಸ ಹೋಗುತ್ತಾನೆ, ಇಲ್ಲವೇ ಇನ್ನೊಬ್ಬರಿಗೆ ಮೋಸ ಮಾಡುತ್ತಾನೆ.

ನಮ್ಮ ಮನೆಗಳಿಂದಲೇ ಒಂದು ಉದಾಹರಣೆ ತೆಗೆದುಕೊಳ್ಳೋಣ. ಒಬ್ಬಾತ 40 ಸೆಂಟ್ಸ್ ಜಮೀನು ಬಿಟ್ಟು ತೀರಿಕೊಂಡರು. ಪತ್ನಿ, ಇಬ್ಬರು ಪುತ್ರರು, ಒಬ್ಬಳು ಪುತ್ರಿ ಇದ್ದಾರೆ. ತಂದೆತಾಯಿ ಬದುಕಿಲ್ಲ, ಸಾಲವಾಗಲಿ ಉಯಿಲಾಗಲಿ ಇಲ್ಲ. ಪತ್ನಿಗೆ ಎಂಟನೆಯ ಒಂದು ಭಾಗ, ಅಂದರೆ 5 ಸೆಂಟ್ಸ್. ಉಳಿದ 35ರಲ್ಲಿ ಪುತ್ರರಿಗೆ ತಲಾ 14, ಪುತ್ರಿಗೆ 7. ಆದರೆ ವಾಸ್ತವದಲ್ಲಿ ನಡೆಯುವುದೇನು? ಖಾತೆಯನ್ನು ಹಿರಿಯ ಮಗನ ಹೆಸರಿಗೆ ಮಾಡಿಸಲಾಗುತ್ತದೆ. ಹತ್ತು ವರ್ಷಗಳ ಬಳಿಕ ಆತ ಪಹಣಿ ಹಿಡಿದುಕೊಂಡು ನಿಮ್ಮ ಬಳಿಗೆ ಬರುತ್ತಾನೆ. 'ತಂಗಿ ಏನೂ ಕೇಳುವುದಿಲ್ಲ, ಮದುವೆಯಲ್ಲಿ ಆಕೆಗೆ ಎಲ್ಲವನ್ನೂ ಕೊಟ್ಟಾಗಿದೆ' ಎನ್ನುತ್ತಾನೆ.

ಖಾತೆಯು ಕಂದಾಯ ವಸೂಲಿಗಾಗಿ ಇರುವ ದಾಖಲೆ. ಅದರಿಂದ ಒಡೆತನ ಹುಟ್ಟುವುದಿಲ್ಲವೆಂದು ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಿದೆ. ತಂದೆ ಕಣ್ಣು ಮುಚ್ಚಿದ ಕ್ಷಣದಲ್ಲೇ ಆ 7 ಸೆಂಟ್ಸ್ ತಂಗಿಯದಾಗಿದೆ. ಅಣ್ಣ ತನ್ನ ಪಾಲನ್ನು ಮಾರಬಹುದೇ ಹೊರತು ಅವಳದನ್ನು ಮಾರಲಾರ. ಅವಳ ಮೌನವನ್ನು ಒಪ್ಪಿಗೆಯೆಂದು ತಿಳಿಯಬೇಡಿ. ಎಲ್ಲ ವಾರಸುದಾರರೂ ಕ್ರಯಪತ್ರಕ್ಕೆ ಸಹಿ ಹಾಕಬೇಕು, ಇಲ್ಲವೇ ನೋಂದಾಯಿತ ಹಕ್ಕು ಬಿಡುಗಡೆ ಪತ್ರವಿರಬೇಕು. ವಂಶವೃಕ್ಷ ಕೇಳಿ ಪಡೆಯಿರಿ. ಸಾಧ್ಯವಾದರೆ ಆ ಸಹೋದರಿಯ ಮನೆಗೇ ಹೋಗಿ ಮಾತನಾಡಿರಿ. ಉತ್ತರಾಧಿಕಾರದ ಪಾಲುಗಳನ್ನು ಕುರ್‌ಆನ್ ಸ್ವತಃ ನಿಗದಿಪಡಿಸಿರುವಾಗ, ದಲ್ಲಾಳಿ ಶುಲ್ಕದ ಆಸೆಗೆ ಅದನ್ನು ಅಳಿಸಿಹಾಕುವ ಕೈ ನಮ್ಮದಾಗಬಾರದು.

ಹಕ್ಕುದಾರರು ಕುಟುಂಬದ ಒಳಗಷ್ಟೇ ಇರುವುದಿಲ್ಲ. ಸರಕಾರವು ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರು ಮಾಡಿದ ಭೂಮಿಯನ್ನು ಸರಕಾರದ ಪೂರ್ವಾನುಮತಿಯಿಲ್ಲದೆ ಮಾರುವಂತಿಲ್ಲ ಎನ್ನುತ್ತದೆ 1978ರ ಪಿಟಿಸಿಎಲ್ ಕಾಯ್ದೆ. ಮಾರಿದರೆ ಆ ಕ್ರಯ ಅಸಿಂಧು. ಭೂಮಿ ಮೂಲ ಮಂಜೂರಾತಿದಾರನಿಗೆ ಮರಳುತ್ತದೆ. ಇಂತಹ ಅರ್ಜಿಗೆ ಕಾಲಮಿತಿಯಿಲ್ಲವೆಂದು 2023ರ ತಿದ್ದುಪಡಿ ಹೇಳಿತು. ಆದ್ದರಿಂದ ಅಗ್ಗಕ್ಕೆ ಸಿಗುವ ಜಮೀನಿನ ಮೂಲ ಮಂಜೂರಾತಿ ಪತ್ರವನ್ನು ನೋಡದೆ ಒಂದು ರೂಪಾಯಿಯನ್ನೂ ಕೊಡಬೇಡಿ. ಬಡವನ ಏಕೈಕ ಆಸರೆಯನ್ನು ಕಡಿಮೆ ಬೆಲೆಗೆ ಕಿತ್ತುಕೊಳ್ಳುವುದನ್ನು ಜಾಣತನವೆನ್ನಲಾದೀತೇ? ಹಾಗೆಯೇ ವಕ್ಫ್ ಆಸ್ತಿಯನ್ನು ತನ್ನದೆಂಬಂತೆ ಮಾರುವ ಅಧಿಕಾರ ಯಾವ ಮುತವಲ್ಲಿಗೂ ಇಲ್ಲ.

ಇನ್ನು ದಾಖಲೆಗಳ ವಿಚಾರ. ಋಣಭಾರ ಪ್ರಮಾಣಪತ್ರ ಶುದ್ಧವಾಗಿದ್ದರೆ ಎಲ್ಲವೂ ಸರಿಯಿದೆಯೆಂದು ಹೊಸಬರು ಭಾವಿಸುತ್ತಾರೆ. ಅದರಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರಗಳು ಮಾತ್ರ. ನೋಂದಣಿಯಾಗದ ಕರಾರು, ಬಾಯಿಮಾತಿನ ಹಿಬಾ, ವಾರಸುದಾರರ ಪಾಲು ಅದರಲ್ಲಿ ಕಾಣುವುದಿಲ್ಲ. ಮುಖ್ಯವಾಗಿ ಎರಡು ಮಾತು ನೆನಪಿಡಿ. ಕರಾರುಪತ್ರದಿಂದ ಒಡೆತನ ಬರುವುದಿಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ ಪ್ರಕಾರ ನೋಂದಾಯಿತ ಕ್ರಯಪತ್ರವೇ ಬೇಕು. ಜನರಲ್ ಪವರ್ ಆಫ್ ಅಟಾರ್ನಿಯ ಮೂಲಕ ನಡೆಸುವ 'ಮಾರಾಟ'ವೂ ಒಡೆತನವನ್ನು ವರ್ಗಾಯಿಸದೆಂದು ಸುಪ್ರೀಂ ಕೋರ್ಟ್ 2011ರಲ್ಲಿ ಸ್ಪಷ್ಟಪಡಿಸಿದೆ.

ಗಲ್ಫ್‌ನಲ್ಲಿರುವ ಸಹೋದರರಿಗಾಗಿ ಜಮೀನು ಹುಡುಕುವವರು ಇನ್ನೊಂದು ನಿಯಮ ತಿಳಿದಿರಬೇಕು. ಕರ್ನಾಟಕದ ಭೂಸುಧಾರಣಾ ಕಾಯ್ದೆಗೆ 2020ರಲ್ಲಾದ ತಿದ್ದುಪಡಿಯ ಬಳಿಕ ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಬಹುದೆಂಬುದು ನಿಜ. ಆದರೆ ವಿದೇಶಿ ವಿನಿಮಯ ಕಾನೂನಿನಂತೆ ಅನಿವಾಸಿ ಭಾರತೀಯರು ಕೃಷಿಭೂಮಿ, ತೋಟ, ಫಾರ್ಮ್‌ಹೌಸ್‌ಗಳನ್ನು ಕೊಳ್ಳುವಂತಿಲ್ಲ, ಪಿತ್ರಾರ್ಜಿತವಾಗಿ ಪಡೆಯಬಹುದು. ಮನೆ ಅಥವಾ ಪರಿವರ್ತಿತ ನಿವೇಶನಕ್ಕೆ ಈ ಅಡ್ಡಿಯಿಲ್ಲ.

ಹಣದ ಲೆಕ್ಕವನ್ನೂ ಬಿಡಿಸಿ ನೋಡೋಣ. ನಿವೇಶನದ ಕ್ರಯಕ್ಕೆ ಮುದ್ರಾಂಕ ಶುಲ್ಕ ಶೇ. 5, ಅದರ ಮೇಲೆ ಸೆಸ್ ಮತ್ತು ಸರ್ಚಾರ್ಜ್. ನೋಂದಣಿ ಶುಲ್ಕವು 2025ರ ಆಗಸ್ಟ್ 31ರಿಂದ ಶೇ. 1ರ ಬದಲು ಶೇ. 2. ಮೂವತ್ತು ಲಕ್ಷದ ನಿವೇಶನಕ್ಕೆ ಎರಡೂಕಾಲು ಲಕ್ಷಕ್ಕೂ ಮಿಕ್ಕಿ ಇದಕ್ಕೇ ಹೋಗುತ್ತದೆ. ಅಂದರೆ ಬೆಲೆ ಶೇ. 7ಕ್ಕಿಂತ ಹೆಚ್ಚು ಏರಿದ ಮೇಲಷ್ಟೇ ನಿಮ್ಮ ಅಸಲು ಕೈಗೆ ಬರುತ್ತದೆ. ಇದನ್ನು ತಪ್ಪಿಸಲೆಂದು ಅನೇಕರು ಮುಂಗಡ ಕೊಟ್ಟು ಕರಾರು ಮಾಡಿಕೊಳ್ಳುತ್ತಾರೆ. ಅವಧಿ ಮುಗಿಯುವುದರೊಳಗೆ ಬೇರೆ ಗಿರಾಕಿಯನ್ನು ಹುಡುಕಲು ಓಡುತ್ತಾರೆ. ಆ ಮುಂಗಡವೂ ಮೀಟರ್ ಬಡ್ಡಿಯ ಸಾಲವಾಗಿದ್ದರೆ ಗತಿಯೇನು? ಮಾರುಕಟ್ಟೆ ಮಲಗಬಹುದು, ಬಡ್ಡಿ ಮಲಗುವುದಿಲ್ಲ. ನಮಗೆ ನಿಷಿದ್ಧವಾದ ಬಡ್ಡಿಯು ಈ ವ್ಯಾಪಾರದಲ್ಲಿ ಹೊಸಬನನ್ನು ಮೊದಲು ಮುಳುಗಿಸುವ ಸುಳಿಯೂ ಹೌದು.

ಹಾಗೆಂದು 'ತಿಂಗಳಿಗೆ ಇಷ್ಟು ಲಾಭ ಕೊಡುತ್ತೇನೆ' ಎಂದು ನೆಂಟರಿಷ್ಟರಿಂದ, ಮೊಹಲ್ಲಾದವರಿಂದ ಹಣ ಸಂಗ್ರಹಿಸಲು ಹೋಗಬೇಡಿ. 2019ರ ಜೂನ್‌ನಲ್ಲಿ ಬೆಂಗಳೂರಿನ ಐಎಂಎ ಸಂಸ್ಥೆ ಕುಸಿದಾಗ, 'ಹಲಾಲ್' ಎಂಬ ಪದವನ್ನು ನಂಬಿ ಮಗಳ ಮದುವೆಯ ಚಿನ್ನವನ್ನೂ ನಿವೃತ್ತಿಯ ಹಣವನ್ನೂ ಇಟ್ಟಿದ್ದ ಸಾವಿರಾರು ಕುಟುಂಬಗಳು ದೂರು ಕೊಡಲು ಸಾಲುಗಟ್ಟಿ ನಿಂತವು. ಅದೇ ವರ್ಷ ಅನಿಯಂತ್ರಿತ ಠೇವಣಿ ಯೋಜನೆಗಳನ್ನು ನಿಷೇಧಿಸುವ ಕೇಂದ್ರ ಕಾಯ್ದೆಯೂ ಬಂತು. ಪಾಲುದಾರಿಕೆ ಬೇಕೆಂದಾದರೆ ಲಾಭದಂತೆ ನಷ್ಟದಲ್ಲೂ ಪಾಲಿರಲಿ, ಎಲ್ಲವೂ ಬರಹದಲ್ಲಿರಲಿ. ಕುರ್‌ಆನಿನ ಅತ್ಯಂತ ದೀರ್ಘ ಸೂಕ್ತವು ಸಾಲದ ವ್ಯವಹಾರವನ್ನು ಬರೆದಿಡುವ ಕುರಿತಾದುದು ಎಂಬುದನ್ನು ಮರೆಯದಿರೋಣ.

ಹಾಗಾದರೆ ಆರಂಭ ಎಲ್ಲಿಂದ? ಮೊದಲ ವರ್ಷ ಕೊಳ್ಳುವ ಆತುರ ಬೇಡ. ಅನುಭವಿ ವಕೀಲರೊಬ್ಬರ ಬಳಿ ಕುಳಿತು ಹಳೆಯ ಪತ್ರಗಳನ್ನು ಓದಲು ಕಲಿಯಿರಿ. ತಾಲೂಕು ಕಚೇರಿ, ಉಪನೋಂದಣಿ ಕಚೇರಿಗಳ ದಾರಿ ತಿಳಿಯಿರಿ. ಒಂದೇ ಬಡಾವಣೆಯ ಬೆಲೆಗಳನ್ನು ಬರೆದಿಡುತ್ತಾ ಬನ್ನಿರಿ. ಜಮೀನನ್ನು ಬೇಸಿಗೆಯಲ್ಲೊಮ್ಮೆ, ಸುರಿಮಳೆಯಲ್ಲೊಮ್ಮೆ ನೋಡಿರಿ. ರೇರಾ ಕಾಯ್ದೆಯಂತೆ 500 ಚದರ ಮೀಟರ್ ಮೀರಿದ ಬಡಾವಣೆಗೆ ನೋಂದಣಿ ಕಡ್ಡಾಯ. ಅಂತಹ ಯೋಜನೆಯ ನಿವೇಶನ ಮಾರಿಸುವ ಏಜೆಂಟನಿಗೂ ಕಡ್ಡಾಯ. ನೋಂದಣಿ ಮಾಡಿಸಿಯೇ ಕೆಲಸಕ್ಕಿಳಿಯಿರಿ. 20,000 ರೂಪಾಯಿ ಅಥವಾ ಅದಕ್ಕೆ ಮಿಕ್ಕಿದ ಮುಂಗಡವನ್ನು ನಗದಾಗಿ ಪಡೆಯುವುದು ಆದಾಯ ತೆರಿಗೆ ಕಾನೂನಿಗೆ ವಿರುದ್ಧ. ಬ್ಯಾಂಕಿನ ಮೂಲಕವೇ ವ್ಯವಹರಿಸಿರಿ. ನಿಮ್ಮ ಶುಲ್ಕವೆಷ್ಟೆಂದು ಎರಡೂ ಕಡೆಯವರಿಗೆ ಮೊದಲೇ ತಿಳಿಸಿರಿ.

ಮದೀನಾದ ಪೇಟೆಯಲ್ಲಿ ಪ್ರವಾದಿವರ್ಯರು(ಸ) ಧಾನ್ಯದ ರಾಶಿಯೊಳಗೆ ಕೈಯಿಕ್ಕಿದಾಗ ಒಳಗೆ ತೇವ ಸಿಕ್ಕಿದ ಘಟನೆ ನಿಮಗೆಲ್ಲ ಗೊತ್ತು. ಒದ್ದೆ ಧಾನ್ಯವನ್ನು ಕೊಳ್ಳುವವನ ಕಣ್ಣಿಗೆ ಕಾಣುವಂತೆ ಮೇಲಿಡಬೇಕಿತ್ತೆಂಬುದೇ ಅವರ ಆಕ್ಷೇಪವಾಗಿತ್ತು. ನಮ್ಮ ವ್ಯವಹಾರದಲ್ಲಿ ಮಳೆಗೆ ಮುಳುಗುವ ತಗ್ಗು, ಕಾಗದದ ಮೇಲಷ್ಟೇ ಇರುವ ದಾರಿ, ನ್ಯಾಯಾಲಯದಲ್ಲಿರುವ ದಾವೆ, ಸಹಿ ಹಾಕದ ಸಹೋದರಿ, ಇವೇ ಒದ್ದೆ ಧಾನ್ಯ. ಅವನ್ನು ಮೇಲಿಟ್ಟು ಮಾರಿರಿ. ಆಗ ಒಂದೆರಡು ವ್ಯವಹಾರ ಕೈತಪ್ಪಬಹುದು. ಆದರೆ 'ಆತ ತೋರಿಸಿದ ಜಾಗವಾದರೆ ಕಣ್ಣು ಮುಚ್ಚಿ ತೆಗೆದುಕೊಳ್ಳಬಹುದು' ಎಂದು ಊರು ನಿಮ್ಮ ಬಗ್ಗೆ ಹೇಳುವ ದಿನ ಬಂದರೆ, ಅದಕ್ಕಿಂತ ದೊಡ್ಡ ಬಂಡವಾಳ ನಿಮಗೆ ಬೇಕಾಗದು.