ಪಾರ್ಸೆಲ್ ಕಿಟಕಿ ಮತ್ತು ನಮ್ಮ ಜೋಳಿಗೆ

(ವ್ಯಸನಮುಕ್ತ ದಿನಾಚರಣೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಇಂದು ಆಗಸ್ಟ್ 1. ಇಳಕಲ್ಲಿನ ಲಿಂಗೈಕ್ಯ ಡಾ. ಮಹಾಂತ ಸ್ವಾಮೀಜಿಯವರು ಹುಟ್ಟಿದ ದಿನ. ಅವರು ಜೋಳಿಗೆ ಹಿಡಿದು ಮನೆಮನೆಗೆ ಹೋದರು. ಕಾಳು ಕೇಳಲಿಲ್ಲ, ಕಾಸು ಕೇಳಲಿಲ್ಲ. ನಿಮ್ಮ ದುಶ್ಚಟವನ್ನು ಇದಕ್ಕೆ ಹಾಕಿ ಎಂದರು. ಈ ದಿನ ಕೊರೊನಾ ಕಾಲದ ಒಂದು ಸಂಗತಿಯನ್ನು ನಿಮ್ಮ ಮುಂದಿಡುತ್ತೇನೆ.

2020ರ ಮಾರ್ಚ್ 25ರಿಂದ ದೇಶವೆಲ್ಲ ಬಂದ್ ಆಯಿತು. ಮದ್ಯದಂಗಡಿಗಳೂ ಮುಚ್ಚಿದವು. ನಮ್ಮ ರಾಜ್ಯದಲ್ಲಿ ಅವು ಮತ್ತೆ ತೆರೆದದ್ದು ಮೇ 4ರಂದು. ಮೊದಲ ದಿನದ ವಹಿವಾಟು 45 ಕೋಟಿ ರೂಪಾಯಿ, ಮರುದಿನ 197 ಕೋಟಿ. ಆ ಉದ್ದನೆಯ ಸಾಲುಗಳನ್ನು ಟಿವಿಯಲ್ಲಿ ನೀವೂ ನೋಡಿದ್ದೀರಿ. ಮೇ 9ರಿಂದ ಬಾರ್, ಕ್ಲಬ್, ರೆಸ್ಟೋರೆಂಟುಗಳಿಗೂ ಅನುಮತಿ ಸಿಕ್ಕಿತು. ಕೂತು ಕುಡಿಯುವಂತಿಲ್ಲ, ಇದ್ದ ದಾಸ್ತಾನನ್ನು ಎಂಆರ್‌ಪಿ ದರದಲ್ಲಿ ಪಾರ್ಸೆಲ್ ಕೊಡಬಹುದು, ಮೇ 17ರವರೆಗೆ ಮಾತ್ರ.

ಇದಕ್ಕೆ ಕಾರಣಗಳೂ ಇದ್ದವು. ಬಿಯರು ಸುಮಾರು ಆರು ತಿಂಗಳಲ್ಲಿ ಅವಧಿ ಮೀರುತ್ತದೆ. ಮಾಲೀಕನಿಗೆ ಬಾಡಿಗೆ, ಮಾಣಿಗೆ ಸಂಬಳ ನಿಲ್ಲುವುದಿಲ್ಲ. ಮಾರುವ ಜಾಗ ಹೆಚ್ಚಿದರೆ ಒಂದೊಂದು ಕಡೆ ಜನಸಂದಣಿ ಕಡಿಮೆಯಾಗುತ್ತದೆ. ಮೇ 8ರಂದು ಸುಪ್ರೀಂ ಕೋರ್ಟ್ ಕೂಡ, ಗುಂಪು ಸೇರದಂತೆ ಮನೆಗೇ ತಲುಪಿಸುವ ದಾರಿಯನ್ನು ರಾಜ್ಯಗಳು ಯೋಚಿಸಬಹುದು ಎಂದಿತ್ತು. ನಾನು ಎಂಜಿನಿಯರು. ಲೆಕ್ಕ ಸರಿಯಿದ್ದರೆ ಸರಿ ಎನ್ನಲೇಬೇಕು. ಗುಂಪು ಚದುರಿಸುವ ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಆ ಲೆಕ್ಕದಲ್ಲಿ ಮನೆ ಸೇರಿರಲಿಲ್ಲ.

ನನ್ನ ತಮ್ಮನ ವಿಷಯ ಹೇಳುತ್ತೇನೆ. ಅವನ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ. ದಿನವೂ ಕುಡಿಯುತ್ತಿದ್ದವನು. ಅಂಗಡಿ ಮುಚ್ಚಿದ ಮೂರನೆಯ ದಿನ ಕೈ ನಡುಗಿತು, ರಾತ್ರಿ ಗೋಡೆಯ ಮೇಲೆ ಏನೇನೋ ಕಾಣಿಸತೊಡಗಿತು. ಆಸ್ಪತ್ರೆಗೆ ಸೇರಿಸಿದೆವು. ಬಹಳ ಕಾಲ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೇ ಅಪಾಯ, ಔಷಧ ಕೊಟ್ಟು ಬಿಡಿಸಬೇಕು ಎಂದು ವೈದ್ಯರು ಹೇಳಿದಾಗಲೇ ನನಗೆ ಗೊತ್ತಾಗಿದ್ದು. ವಾರದಲ್ಲಿ ಚೇತರಿಸಿಕೊಂಡ. ಆಮೇಲಿನ ಒಂದು ತಿಂಗಳು ಆ ಮನೆಯಲ್ಲಿ ಬೆಳಿಗ್ಗೆ ನಗು ಕೇಳುತ್ತಿತ್ತು. ನಾದಿನಿ ಫೋನಿನಲ್ಲಿ, “ಭಾವಾರೇ, ಈ ಲಾಕ್‌ಡೌನ್ ಇನ್ನೊಂದು ತಿಂಗಳು ಇರಬಾರದಾ?” ಅಂದಳು. ಊರೆಲ್ಲ ಯಾವಾಗ ಮುಗಿಯುತ್ತದೋ ಎಂದು ಕಾಯುತ್ತಿದ್ದಾಗ ಒಬ್ಬ ಹೆಣ್ಣುಮಗಳು ಕೇಳಿದ ಮಾತು ಇದು.

ಮೇ 4ರಂದು ಅವನು ಹೋಗಲಿಲ್ಲ. ಸಾಲಿನಲ್ಲಿ ನಿಂತರೆ ನಾಲ್ಕು ಜನ ನೋಡುತ್ತಾರೆ ಎಂಬ ನಾಚಿಕೆ ಅವನನ್ನು ಐದು ದಿನ ಹಿಡಿದು ನಿಲ್ಲಿಸಿತು. ಮೇ 9ಕ್ಕೆ ಮನೆಯ ತಿರುವಿನಲ್ಲಿದ್ದ ರೆಸ್ಟೋರೆಂಟಿನ ಪಾರ್ಸೆಲ್ ಕಿಟಕಿ ತೆರೆಯಿತು. ಅಲ್ಲಿ ಸಾಲಿಲ್ಲ, ನೋಡುವವರಿಲ್ಲ. ಊಟದ ಕವರಿನಂಥದೇ ಕವರು. ಅಂದು ಸಂಜೆ ಮತ್ತೆ ಶುರುವಾಯಿತು.

ಗುಂಪನ್ನು ಕರಗಿಸಿದ ಅದೇ ಅನುಕೂಲ ನಾಚಿಕೆಯನ್ನೂ ಕರಗಿಸಿತು. ರೆಸ್ಟೋರೆಂಟಿನವನನ್ನು ನಾನು ಬೈಯುವುದಿಲ್ಲ, ಅವನು ಆದೇಶದಂತೆ ಮಾರಿದ. ನೀರಾವರಿ ಇಲಾಖೆಯಲ್ಲಿ ನಾವು ಜಲಾಶಯದ ಗೇಟು ಎತ್ತುವ ಮುಂಚೆ ನದಿಪಾತ್ರದ ಊರುಗಳಿಗೆ ಎಚ್ಚರಿಕೆ ಕೊಡುತ್ತಿದ್ದೆವು. ದನಕರು ಮೇಲೆ ಬಂದವೇ, ಪಂಪ್‌ಸೆಟ್ಟು ತೆಗೆದರೇ ಎಂದು ವಿಚಾರಿಸುತ್ತಿದ್ದೆವು. ಆ ಮೇ ತಿಂಗಳಲ್ಲಿ ಗೇಟು ತೆರೆಯಿತು. ನಲವತ್ತು ದಿನ ಕುಡಿಯದೆ ಇದ್ದವರು ಎಷ್ಟು ಮಂದಿ, ಅವರಿಗೆ ಆಸರೆ ಯಾರು ಎಂದು ಕೆಳಗಿನ ಊರುಗಳನ್ನು ಕೇಳಿದವರು ಕಾಣಲಿಲ್ಲ. ಮದ್ಯದ ಮೇಲಿನ ಸುಂಕವನ್ನು ಬಜೆಟ್ಟಿನಲ್ಲಿ ಶೇ 6, ಮೇ ತಿಂಗಳಲ್ಲಿ ಮತ್ತೆ ಶೇ 11 ಏರಿಸಿದ್ದರು. ಮಾದಕ ಪಾನೀಯಗಳ ನಿಷೇಧಕ್ಕೆ ಸರ್ಕಾರ ಪ್ರಯತ್ನಿಸಬೇಕು ಎನ್ನುವ ಸಂವಿಧಾನದ 47ನೇ ವಿಧಿಯೂ, ಖಜಾನೆ ತುಂಬುವ ಅಬಕಾರಿಯೂ ಒಂದೇ ಸರ್ಕಾರದ ಕೈಯಲ್ಲಿವೆ. ಮರುವರ್ಷ 2021ರ ಎರಡನೇ ಅಲೆಯಲ್ಲಂತೂ ಬೆಳಿಗ್ಗೆ 6ರಿಂದ 10ರವರೆಗೆ, ಹಾಲು ದಿನಸಿ ಕೊಳ್ಳುವ ಹೊತ್ತಿಗೇ ಮದ್ಯದ ಪಾರ್ಸೆಲಿಗೂ ಅವಕಾಶವಿತ್ತು.

ಸರ್ಕಾರವನ್ನಷ್ಟೇ ದೂರಿ ಕೂರುವುದು ಸುಲಭ. ನಾವು ಏನು ಮಾಡಿದೆವು? ಅನೇಕ ಮಠಗಳು ಅನ್ನ ಹಂಚಿದವು, ಕಿಟ್ ಕೊಟ್ಟವು, ದೊಡ್ಡ ಕೆಲಸ. ಆದರೆ ಕುಡಿತ ತಾನಾಗಿ ನಿಂತಿದ್ದ ಮನೆಗಳ ಬಾಗಿಲಿಗೆ ನಮ್ಮ ಜೋಳಿಗೆ ಹೋಗಲಿಲ್ಲ. ನಾನೇ ಸ್ವಂತ ತಮ್ಮನಿಗೆ ಫೋನಿನಲ್ಲಿ ಬುದ್ಧಿ ಹೇಳಿದೆನೇ ಹೊರತು ಮೇ 9ರ ಸಂಜೆ ಅವನ ಪಕ್ಕದಲ್ಲಿ ಕೂರಲಿಲ್ಲ. ಎರಡು ಬೀದಿ ಆಚೆಗಿನ ಮನೆ ಅದು.

ಮುಂದೊಂದು ದಿನ ಇಂಥ ಆಪತ್ತು ಮತ್ತೆ ಬರಬಹುದು. ಆಗ ಸರ್ಕಾರ ಪಾರ್ಸೆಲಿಗೆ ಅನುಮತಿ ಕೊಡುವುದಾದರೆ, 2020ರಂತೆ ಕೊನೆಯ ದಿನಾಂಕ ಆದೇಶದಲ್ಲೇ ಇರಲಿ. ಏರಿಸಿದ ಸುಂಕದ ಒಂದು ಪಾಲು ತಾಲ್ಲೂಕು ಆಸ್ಪತ್ರೆಯಲ್ಲಿ ವ್ಯಸನ ಬಿಡಿಸುವ ಚಿಕಿತ್ಸೆಗೆ ಹೋಗಲಿ. ಇದನ್ನು ನಾವೆಲ್ಲ ಮನವಿ ಬರೆದು ಕೇಳೋಣ.

ನಮ್ಮ ಪಾಲಿನ ಕೆಲಸಕ್ಕೆ ಆಪತ್ತು ಬರುವವರೆಗೆ ಕಾಯಬೇಕಿಲ್ಲ. ಮಠದಲ್ಲಿ ಒಂದು ಕೋಣೆ, ವಾರಕ್ಕೊಂದು ಸಂಜೆ, ಬಿಟ್ಟವರೂ ಬಿಡಬೇಕೆನ್ನುವವರೂ ಒಟ್ಟಿಗೆ ಕೂರಲು ಜಾಗ. “ಇವತ್ತೇ ಬಿಡು” ಎಂದು ಆಣೆ ಹಾಕಿಸುವ ಮುಂಚೆ ವೈದ್ಯರ ಬಳಿ ಕರೆದುಕೊಂಡು ಹೋಗುವ ಒಬ್ಬ ಹಿರಿಯ. ಮಾನಸಿಕ ನೆರವಿಗೆ ಸರ್ಕಾರದ 14416 ಸಂಖ್ಯೆಯನ್ನು ದಾಸೋಹದ ಗೋಡೆಯ ಮೇಲೆ ದೊಡ್ಡದಾಗಿ ಬರೆಸಿ.

ನನ್ನ ತಮ್ಮ ಮೂರನೆಯ ಪ್ರಯತ್ನದಲ್ಲಿ ಬಿಟ್ಟ. ಈಗ ಎರಡು ವರ್ಷವಾಯಿತು. ಇವತ್ತು ಇದೇ ಸಭೆಯ ಹಿಂದಿನ ಸಾಲಿನಲ್ಲಿ ಕೂತಿದ್ದಾನೆ. ಆ ಕೋಣೆಯ ಬೀಗದ ಕೈ ತನಗೆ ಕೊಟ್ಟರೆ ವಾರವಾರ ಬಂದು ತೆಗೆಯುತ್ತೇನೆ ಎನ್ನುತ್ತಿದ್ದಾನೆ. ಪೂಜ್ಯರು ಅಪ್ಪಣೆ ಕೊಡಬೇಕೆಂದು ಬೇಡಿಕೊಂಡು ನನ್ನ ಮಾತು ಮುಗಿಸುತ್ತೇನೆ.