ನಕ್ಷೆಯಲ್ಲಿ ಕೆರಾಡಿ: ಕಾಡು, ಮದಗ, ಗೆರೆ



2022ರಲ್ಲಿ ತೆರೆಕಂಡ 'ಕಾಂತಾರ' ಚಿತ್ರದಿಂದ ಕುಂದಾಪುರದ ಕೆರಾಡಿ ನಾಡಿಗೆಲ್ಲ ಪರಿಚಯವಾಯಿತು. ಊರು ಎಲ್ಲಿ ಮುಗಿಯಿತು, ಕಾಡು ಎಲ್ಲಿ ಶುರುವಾಯಿತು ಎಂಬುದು ಆ ಚಿತ್ರದ ಜಗಳಗಳಲ್ಲೊಂದು. ಇಂಥ ಗೆರೆಗಳನ್ನು ಹೊತ್ತ ನಕ್ಷೆಗಳು ಹುಟ್ಟಿದ್ದು ಹೇಗೆ?

1799ರಲ್ಲಿ ಟಿಪ್ಪು ಸುಲ್ತಾನ ಮಡಿದ ಮೇಲೆ ಕೆನರಾ ಈಸ್ಟ್ ಇಂಡಿಯಾ ಕಂಪನಿಯ ವಶವಾಯಿತು. ಗೆದ್ದ ನೆಲದ ಲೆಕ್ಕ ಕಂಪನಿಗೆ ಬೇಕಿತ್ತು. 1802ರಲ್ಲಿ ವಿಲಿಯಂ ಲ್ಯಾಂಬ್ಟನ್ ಮದರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಸುಮಾರು ಏಳೂವರೆ ಮೈಲಿಯ ಗೆರೆಯೊಂದನ್ನು ಉಕ್ಕಿನ ಸರಪಳಿಯಿಂದ ಅಳೆದ. ಅದರ ಎರಡೂ ತುದಿಗಳಿಂದ ಒಂದೇ ಬೆಟ್ಟವನ್ನು ನೋಡಿ ಕೋನ ಅಳೆದರೆ, ಬೆಟ್ಟಕ್ಕಿರುವ ದೂರ ಲೆಕ್ಕದಲ್ಲೇ ಸಿಗುತ್ತದೆ. ಹೀಗೆ ತ್ರಿಕೋನಕ್ಕೆ ತ್ರಿಕೋನ ಪೋಣಿಸುತ್ತ ಆತನ ತಂಡ ಮಂಗಳೂರು ಮುಟ್ಟಿತು. 400 ಮೈಲಿ ಎಂದುಕೊಂಡಿದ್ದ ಪರ್ಯಾಯದ್ವೀಪದ ಅಗಲ 360 ಮೈಲಿ ಮಾತ್ರ ಎಂದು ಆಗ ತಿಳಿಯಿತು.

ಆದರೆ ತ್ರಿಕೋನ ನೆಗೆಯುವುದು ಎತ್ತರದಿಂದ ಎತ್ತರಕ್ಕೆ. ನಡುವಿನ ಹಾಡಿ, ಹಕ್ಲು, ಮದಗಗಳನ್ನು ತುಂಬಲು ಸರ್ವೆಯವರು ಮುಕ್ಕಾಲಿಯ ಮೇಲಿನ ಹಲಗೆ, ಅಂದರೆ ಪ್ಲೇನ್ ಟೇಬಲ್, ಹೊತ್ತು ನಡೆಯಬೇಕಿತ್ತು. ಬಯಲಿನಲ್ಲಿ ಇದು ಸುಲಭ. ಕೊಡಚಾದ್ರಿಯ ತಪ್ಪಲಿನಂಥ ದಟ್ಟ ಕಾಡಿನಲ್ಲಿ ಹತ್ತು ಮಾರು ಆಚೆ ಏನೂ ಕಾಣದು. ಹೊಳೆಯ ಜಾಡು, ಕಾಲುದಾರಿ, ಊರವರ ಮಾತು ಇವೇ ಆಸರೆ. ಮೈಲಿಯನ್ನು ಅಂಗುಲಕ್ಕಿಳಿಸುವ ಹಾಳೆಯಲ್ಲಿ ಮರದ ಮರೆಯ ಮದಗವೊಂದು ಬಿಟ್ಟುಹೋದರೆ ಅಚ್ಚರಿಯಿಲ್ಲ.

ಭಾರತೀಯ ಸರ್ವೇಕ್ಷಣ ಇಲಾಖೆಯ ಹಳೆಯ ಎಣಿಕೆಯಲ್ಲಿ ಕುಂದಾಪುರ ಸೀಮೆ '48 ಕೆ' ಹಾಳೆಗೆ ಸೇರುತ್ತದೆ. ದೇಶದ ಭದ್ರತೆಯ ಹೆಸರಿನಲ್ಲಿ ಕರಾವಳಿಯ ಇಂಥ ಹಾಳೆಗಳು ದಶಕಗಳ ಕಾಲ ನಿರ್ಬಂಧದಲ್ಲಿದ್ದವು. ತಮ್ಮದೇ ಊರಿನ ನಕ್ಷೆ ಜನಸಾಮಾನ್ಯರಿಗೆ ಸುಲಭವಾಗಿ ಸಿಗುತ್ತಿರಲಿಲ್ಲ. 2005ರ ರಾಷ್ಟ್ರೀಯ ನಕ್ಷಾ ನೀತಿ ಬಾಗಿಲನ್ನು ಅರೆ ತೆರೆಯಿತು. 2021ರ ಮಾರ್ಗಸೂಚಿ ಇನ್ನಷ್ಟು ಸಡಿಲಿಸಿತು.

ಇದು ಬರೀ ಪಂಡಿತರಿಗೆ ಬಿಟ್ಟ ವಿಷಯವಲ್ಲ. 1974ರಲ್ಲಿ ಮೂಕಾಂಬಿಕಾ ವನ್ಯಜೀವಿ ಧಾಮ ಘೋಷಣೆಯಾಯಿತು. 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ, ಪರಿಶಿಷ್ಟ ಪಂಗಡಕ್ಕೆ ಸೇರದ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಮುಂಚಿನ ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸವನ್ನು ತೋರಿಸಬೇಕು. ಲೆಕ್ಕ 1930ಕ್ಕೆ ಹೋಗಿ ನಿಲ್ಲುತ್ತದೆ. ಸಾಕ್ಷ್ಯಗಳ ಪಟ್ಟಿಯಲ್ಲಿ ಸರಕಾರಿ ನಕ್ಷೆಯೂ ಇದೆ. ಅಂದು ಸರ್ವೆಯವನ ಕಣ್ಣಿಗೆ ಬಿದ್ದ ಮನೆಗೆ ಹಾಳೆಯ ಮೇಲೊಂದು ಚುಕ್ಕಿ ಸಿಕ್ಕಿತು. ಮರದ ಮರೆಯಲ್ಲಿದ್ದ ಮನೆಗೆ ಅದೂ ಇಲ್ಲ.

ಅದೇ ಪಟ್ಟಿಯಲ್ಲಿ ಊರ ಹಿರಿಯರ ಹೇಳಿಕೆಗೂ ಜಾಗವಿದೆ, ಬರೆದಿಟ್ಟರೆ ಸರಿ. ಹಲಗೆ ಹೊತ್ತು ಬಂದ ಸರ್ವೆಯವನು ಹೊಳೆಯ, ಗುಡ್ಡದ ಹೆಸರು ಕೇಳಿದ್ದೂ ಹಿರಿಯರನ್ನೇ. ಹಳೆಯ ಹಾಳೆಯನ್ನು ಅಂಥವರ ಎದುರು ಬಿಡಿಸಿ ಓದುವ ಕೆಲಸವನ್ನು ಅವರಿರುವಾಗಲೇ ಮಾಡಬೇಕು.